ಐಟಿಐನೋ ಡಿಗ್ರಿಯೋ? ಕಾಸರಗೋಡಿನಲ್ಲಿ ಲೆಕ್ಕ ಬೇರೆ

ನಿಮ್ಮ ಕರ್ನಾಟಕದ ಕಡೆ ಹತ್ತನೇ ಕ್ಲಾಸು ಮುಗಿದರೆ ಪಿಯುಸಿನಾ, ಐಟಿಐನಾ ಅಂತ ಕೇಳುತ್ತಾರೆ. ನಮ್ಮಲ್ಲಿ ಅದರ ಬಾಲಕ್ಕೆ ಇನ್ನೊಂದು ಪ್ರಶ್ನೆ ಇರುತ್ತದೆ: ಮುಂದಿನ ಪಾಠ ಯಾವ ಭಾಷೆಯಲ್ಲಿ?

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಕನ್ನಡ ಶಾಲೆಗಳು ಉಳಿದವು. ಹಾಗಾಗಿ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಎಷ್ಟೋ ಮಕ್ಕಳು ಕೇರಳದ ಎಸ್ಸೆಸ್ಸೆಲ್ಸಿಯನ್ನು ಇವತ್ತಿಗೂ ಕನ್ನಡದಲ್ಲೇ ಬರೆಯುತ್ತಾರೆ. ಆಮೇಲೆ ಪ್ಲಸ್ ಟು, ಅಂದರೆ ನಿಮ್ಮ ಪಿಯುಸಿ. ಅದರಲ್ಲೇ ಕಸುಬನ್ನೂ ಕಲಿಸುವ ವಿಎಚ್‌ಎಸ್‌ಇ ಅಂತ ಒಂದಿದೆ. ಅದನ್ನು ಓದಿದವರು ಡಿಗ್ರಿಗೂ ಸೇರಬಹುದು.

ಹೈಸ್ಕೂಲಿನಲ್ಲಿ ಕನ್ನಡ ಮಾಸ್ಟ್ರಾಗುವ ಆಸೆ ಇದ್ದವರಿಗೆ ಡಿಗ್ರಿ ಬೇಕೇ ಬೇಕು. ಕಾಸರಗೋಡಿನ ಸರ್ಕಾರಿ ಕಾಲೇಜಿನಲ್ಲಿ ಕನ್ನಡ ವಿಭಾಗ ಇದೆ. ಕಾಲೇಜು ಕಣ್ಣೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದು. 2024ರಿಂದ ನಾಲ್ಕು ವರ್ಷದ ಕೋರ್ಸು ಬಂದಿದೆ, ಮೂರಕ್ಕೆ ನಿಲ್ಲಿಸಿದರೂ ಡಿಗ್ರಿ ಸಿಗುತ್ತದೆ. ಆಮೇಲೆ ಬಿಎಡ್, ಕೆ-ಟೆಟ್ ಅನ್ನುವ ಶಿಕ್ಷಕರ ಅರ್ಹತಾ ಪರೀಕ್ಷೆ, ಸರ್ಕಾರಿ ನೌಕರಿಯ ಪಿಎಸ್‌ಸಿ ಪರೀಕ್ಷೆ, ರ‍್ಯಾಂಕ್ ಲಿಸ್ಟು, ಕಾಯುವುದು. ಈ ಕಾಯುವುದೇ ಎಲ್ಲಕ್ಕಿಂತ ಉದ್ದದ ಕೋರ್ಸು!

ಇನ್ನು ಐಟಿಐ. ಎಲೆಕ್ಟ್ರಿಷಿಯನ್, ಫಿಟ್ಟರ್ ಎರಡೆರಡು ವರ್ಷ, ವೆಲ್ಡರ್ ಒಂದೇ ವರ್ಷ. ಪಾಸಾದರೆ ಕೈಗೆ ಬರುವ ನ್ಯಾಷನಲ್ ಟ್ರೇಡ್ ಸರ್ಟಿಫಿಕೇಟು ದೇಶದಲ್ಲಿ ಎಲ್ಲಿ ಬೇಕಾದರೂ ನಡೆಯುತ್ತದೆ. ತಲಪಾಡಿ ಗಡಿ ದಾಟಿ ಮಂಗಳೂರಿನಲ್ಲಿ ಕೆಲಸ ಹುಡುಕುವ ನಮಗೆ ಇದು ಸಣ್ಣ ವಿಷಯ ಅಲ್ಲ. ಗಲ್ಫ್‌ಗೆ ಹೊರಟವರು ಅದನ್ನೇ ಅಟೆಸ್ಟ್ ಮಾಡಿಸಿಕೊಂಡು ಹೋಗುತ್ತಾರೆ.

ನನ್ನ ಅಕ್ಕನ ಮಗ ಎಲೆಕ್ಟ್ರಿಷಿಯನ್‌ಗೆ ಸೇರಿದ. ಮೊದಲ ವಾರವೇ ಬಂದು ಹೇಳಿದ, "ಮಾವಾ, ವಯರಿಂಗ್ ಅರ್ಥ ಆಗ್ತದೆ. ಮಾಷ್ ಬೈಯುವುದು ಅರ್ಥ ಆಗುವುದಿಲ್ಲ." ಮಾಷ್ ಅಂದರೆ ಮೇಷ್ಟ್ರು; ಅಲ್ಲಿ ಪಾಠ ಎಲ್ಲ ಮಲಯಾಳದಲ್ಲಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಮಲಯಾಳ ಏನಿದ್ದರೂ ಬಸ್ಸು-ಪೇಟೆಗೆ ಆಗುವಷ್ಟು. ಆದರೂ ಆರು ತಿಂಗಳಲ್ಲಿ ಮಲಯಾಳದಲ್ಲೇ ಜಗಳ ಮಾಡುವಷ್ಟು ಕಲಿತ. ಕೈಯಲ್ಲಿ ಟೆಸ್ಟರ್ ಇದ್ದರೆ ನೋಡಿಯಾದರೂ ಕಲಿಯಬಹುದು, ಅಲ್ವಾ? ಅದೇ ಹುಡುಗ ಎಕನಾಮಿಕ್ಸ್ ಪುಸ್ತಕದ ಮುಂದೆ ಕೂತಿದ್ದರೆ ಮೊದಲ ಸೆಮಿಸ್ಟರಿಗೇ ಕೈಚೆಲ್ಲುತ್ತಿದ್ದ.

ಫುಲ್ ಎ ಪ್ಲಸ್, ಅಂದರೆ ಎಲ್ಲ ವಿಷಯಕ್ಕೂ ಎ ಪ್ಲಸ್ ಗ್ರೇಡು, ಬಂದವರಿಗೆ ಸೈನ್ಸು, ಬರದವರಿಗೆ ಐಟಿಐ ಎಂಬ ಮಾತು ನಮ್ಮಲ್ಲೂ ಉಂಟು. ನನಗೆ ಅದು ಹಿಡಿಸುವುದಿಲ್ಲ. ಯಾವ ವಿಷಯದ ಮೇಲೂ ಮನಸ್ಸಿಲ್ಲದೆ ಸುಮ್ನೆ ಡಿಗ್ರಿಗೆ ಸೇರುವವರೇ ಇಲ್ಲಿ ಜಾಸ್ತಿ ಕಷ್ಟಪಡುತ್ತಾರೆ. ಎರಡೂ ಬೇಕು ಅನ್ನುವವರಿಗೆ ಪಾಲಿಟೆಕ್ನಿಕ್ ಇದೆ: ಮೂರು ವರ್ಷದ ಡಿಪ್ಲೊಮಾ ಮುಗಿಸಿ ನೇರ ಬಿಟೆಕ್ ಎರಡನೇ ವರ್ಷಕ್ಕೆ ಸೇರಬಹುದು.

ಯಾವುದಕ್ಕೆ ಸೇರುವುದಾದರೂ ಮೊದಲು ಅಲ್ಲಿ ಓದುತ್ತಿರುವ ಒಬ್ಬ ಕನ್ನಡದ ಹುಡುಗನನ್ನು ಹಿಡಿದು ಕೇಳಿ, ಪಾಠ ಯಾವ ಭಾಷೆಯಲ್ಲಿ ನಡೆಯುತ್ತದೆ ಅಂತ. ಪ್ರಾಸ್ಪೆಕ್ಟಸಿನಲ್ಲಿ ಅದೊಂದು ಬಿಟ್ಟು ಎಲ್ಲ ಇರುತ್ತದೆ.