ಸಂಪಾದಕರ ಉತ್ತರ: ಯಾಯಿರನ ಮಗಳು ಸತ್ತಿದ್ದಳೋ, ಸಾಯುತ್ತಿದ್ದಳೋ?

ಪ್ರಿಯ ಮೇಷ್ಟ್ರೇ,

ನಾಲ್ಕು ಪುಟದ ಪತ್ರ, ಅದೂ ಕೈಬರಹದಲ್ಲಿ! ಈಗ ಯಾರು ಬರೆಯುತ್ತಾರೆ ಹೇಳಿ. ಎರಡು ಸಲ ಓದಿದೆ.

ಉಳಿದ ಓದುಗರಿಗಾಗಿ ವಿಷಯ ಹೇಳಿಬಿಡುತ್ತೇನೆ. ಯೇಸುವಿನ ಪವಾಡಗಳ ಬಗ್ಗೆ ಹೋದ ಸಂಚಿಕೆಯಲ್ಲಿ ಬಂದ ಲೇಖನದಲ್ಲಿ, "ಮತ್ತಾಯ ಹೇಳುವಂತೆ ಯಾಯಿರ ಎಂಬ ಅಧಿಕಾರಿ, ಸಾಯುವ ಸ್ಥಿತಿಯಲ್ಲಿದ್ದ ತನ್ನ 12 ವರ್ಷದ ಮಗಳಿಗಾಗಿ ಬೇಡಿಕೊಂಡ" ಎಂದಿತ್ತು. ಮೇಷ್ಟ್ರು ಬೈಬಲ್ ತೆಗೆದು ನೋಡಿದ್ದಾರೆ. (ಯೇಸುವಿನ ಬದುಕು ಹೇಳುವ ನಾಲ್ಕು ಸುವಾರ್ತೆಗಳು ಅದರಲ್ಲಿವೆ, ಮತ್ತಾಯ, ಮಾರ್ಕ, ಲೂಕ, ಯೋಹಾನ ಎಂಬ ನಾಲ್ವರ ಹೆಸರಲ್ಲಿ.) ಮತ್ತಾಯನ 9ನೇ ಅಧ್ಯಾಯದಲ್ಲಿ ಯಾಯಿರ ಎಂಬ ಹೆಸರೇ ಇಲ್ಲ. ಹುಡುಗಿಯ ವಯಸ್ಸೂ ಇಲ್ಲ. ಅಪ್ಪ ಬರುವ ಹೊತ್ತಿಗೆ ಮಗಳು ತೀರಿಕೊಂಡಾಗಿದೆ. ಮಾರ್ಕನ 5ನೇ ಅಧ್ಯಾಯದಲ್ಲಿ ಮಾತ್ರ ಇನ್ನೂ ಉಸಿರಾಡುತ್ತಿದ್ದಾಳೆ. "ಒಂದೇ ಅಪಘಾತವನ್ನು ಒಂದು ಪೇಪರು ಗಂಭೀರ ಅಂತಲೂ ಇನ್ನೊಂದು ಸಾವು ಅಂತಲೂ ಬರೆದರೆ ಒಬ್ಬ ಸುಳ್ಳು ಹೇಳಿದ ಅಂತ ಅಲ್ವಾ?" ಎಂದು ಅವರ ಪ್ರಶ್ನೆ. ಅವರ ಕ್ರೈಸ್ತ ಗೆಳೆಯರೊಬ್ಬರು ಇದಕ್ಕೆ ಉಲ್ಟಾ ಹೇಳುತ್ತಾರಂತೆ: ವ್ಯತ್ಯಾಸ ಇರುವುದೇ ನಿಜವಾದ ಸಾಕ್ಷಿಯ ಗುರುತು.

ಮೊದಲು ತಪ್ಪೊಪ್ಪಿಗೆ. ನಾವು ಮಾರ್ಕನ ಕತೆ ಹೇಳಿ ಮತ್ತಾಯನ ಹೆಸರು ಹಾಕಿದ್ದೇವೆ. ಪ್ರೂಫ್ ನೋಡಿದ್ದು ನಾನೇ.

ಆದರೆ ಮೇಷ್ಟ್ರೇ, ನಿಮ್ಮ ಪತ್ರ ಬಂದ ರಾತ್ರಿ ಮತ್ತಾಯ, ಮಾರ್ಕ, ಲೂಕ ಮೂವರನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟುಕೊಂಡು ಪೆನ್ಸಿಲ್ ಹಿಡಿದು ಕೂತೆ. ಬೆಳಗಿನಿಂದ ಸಂಜೆಯವರೆಗೆ ಬೇರೆಯವರ ಬರಹ ಕತ್ತರಿಸುವುದೇ ನನ್ನ ಕಸುಬಾದ್ದರಿಂದ ಒಂದು ವಿಷಯ ಕಣ್ಣಿಗೆ ಹೊಡೆಯಿತು. ಮಾರ್ಕ ಈ ಕತೆಗೆ 23 ವಚನ ತೆಗೆದುಕೊಳ್ಳುತ್ತಾನೆ. ಮತ್ತಾಯ 9ರಲ್ಲಿ ಮುಗಿಸುತ್ತಾನೆ. ಮಾರ್ಕನದೇ ಮೊದಲು, ಸುಮಾರು ಕ್ರಿ.ಶ. 70ರ ಆಸುಪಾಸಿನದು, ಅದನ್ನು ಮುಂದಿಟ್ಟುಕೊಂಡೇ ಮತ್ತಾಯ, ಲೂಕ ಇಬ್ಬರೂ ಬರೆದರು ಎಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಅಂದರೆ ಮತ್ತಾಯ ಇಲ್ಲಿ ಎಡಿಟ್ ಮಾಡುತ್ತಿದ್ದಾನೆ.

ಏನು ಕತ್ತರಿಸಿದ ನೋಡಿ. ಮಾರ್ಕನಲ್ಲಿ ಯೇಸು ಯಾಯಿರನ ಜೊತೆ ಹೊರಟಾಗ ದಾರಿಯಲ್ಲಿ, 12 ವರ್ಷದಿಂದ ರಕ್ತಸ್ರಾವದಲ್ಲಿ ನರಳುತ್ತಿದ್ದ ಹೆಂಗಸು ಹಿಂದಿನಿಂದ ಬಂದು ಬಟ್ಟೆ ಮುಟ್ಟುತ್ತಾಳೆ. ಯೇಸು ನಿಂತುಬಿಡುತ್ತಾನೆ. ಯಾರು ಮುಟ್ಟಿದ್ದು ಅಂತ ಕೇಳುತ್ತಾನೆ. ಇಷ್ಟು ಜನ ನೂಕಾಡುವಾಗ ಇದೆಂಥ ಪ್ರಶ್ನೆ ಅಂತ ಶಿಷ್ಯರು. ಇಷ್ಟೆಲ್ಲ ನಡೆಯುವಾಗ ಆ ಅಪ್ಪನ ಹೊಟ್ಟೆಯಲ್ಲಿ ಏನಾಗುತ್ತಿರಬೇಕು ಯೋಚಿಸಿ. ಅಷ್ಟರಲ್ಲಿ ಮನೆಯಿಂದ ಜನ ಬಂದು, ಮಗಳು ಹೋದಳು, ಇನ್ನು ಗುರುವಿಗೆ ಯಾಕೆ ತೊಂದರೆ ಅನ್ನುತ್ತಾರೆ. ಮತ್ತಾಯ ಆ ಸುದ್ದಿ ತಂದವರನ್ನೇ ತೆಗೆದುಹಾಕಿದ. ತೆಗೆದ ಮೇಲೆ ಹುಡುಗಿ ಸತ್ತದ್ದನ್ನು ಯಾರಾದರೂ ಹೇಳಬೇಕಲ್ಲ? ಅದಕ್ಕೆ ಮೊದಲ ಸಾಲಲ್ಲೇ ಅಪ್ಪನ ಬಾಯಲ್ಲಿ ಹೇಳಿಸಿಬಿಟ್ಟ. ನಮ್ಮ ಕೆಲಸದಲ್ಲೂ ದಿನಾ ಹೀಗೇ, ನಡುವಿನ ಒಂದು ಪ್ಯಾರಾ ತೆಗೆದರೆ ಮೊದಲ ವಾಕ್ಯ ತಿದ್ದಲೇಬೇಕು.

ಇಲ್ಲಿ ಸುಳ್ಳು ನನಗೆ ಕಾಣುವುದಿಲ್ಲ. ಹಾಗಂತ ನಿಮ್ಮ ಗೆಳೆಯರ ವಾದವೂ ನಿಲ್ಲುವುದಿಲ್ಲ. ಒಬ್ಬನ ಬರಹ ಇನ್ನೊಬ್ಬನ ಮುಂದೆ ಇದ್ದ ಮೇಲೆ ಅವರು ಬೇರೆ ಬೇರೆ ಸಾಕ್ಷಿಗಳು ಹೇಗಾಗುತ್ತಾರೆ?

ಹಳಬರಿಗೂ ಈ ವ್ಯತ್ಯಾಸಗಳು ಕಂಡಿದ್ದವು. ಸುಮಾರು ಕ್ರಿ.ಶ. 400ರಲ್ಲಿ ಅಗಸ್ಟೀನ್ ಎಂಬ ಬಿಷಪ್, ನಾಲ್ಕು ಸುವಾರ್ತೆಗಳನ್ನು ಹೊಂದಿಸಲೆಂದೇ ಒಂದು ಗ್ರಂಥ ಬರೆದರು. ಯೆರಿಕೋ ಊರಿನಲ್ಲಿ ಯೇಸು ಕಣ್ಣು ಕೊಟ್ಟ ಕುರುಡನ ಕತೆಯಲ್ಲಿ ಮಾರ್ಕ ಒಬ್ಬನೇ ಎನ್ನುತ್ತಾನೆ, ಹೆಸರು ಬಾರ್ತಿಮಾಯ. ಮತ್ತಾಯನಲ್ಲಿ ಇಬ್ಬರು. ಇಬ್ಬರೇ ಇದ್ದರು, ಬಾರ್ತಿಮಾಯ ಊರಿಗೆಲ್ಲ ಗೊತ್ತಿದ್ದವನಾದ್ದರಿಂದ ಮಾರ್ಕ ಅವನನ್ನಷ್ಟೇ ಹೇಳಿದ ಎಂಬುದು ಅಗಸ್ಟೀನರ ಉತ್ತರ. ಆಗಬಹುದು. ಆದರೆ ಯೇಸು ದೆವ್ವ ಬಿಡಿಸಿ ಹಂದಿಗಳೊಳಗೆ ಕಳಿಸುವ ಕತೆಯಲ್ಲೂ ಮಾರ್ಕನ ಒಬ್ಬ ದೆವ್ವ ಹಿಡಿದವ ಮತ್ತಾಯನಲ್ಲಿ ಇಬ್ಬರಾಗುತ್ತಾನೆ. ಒಂದು ಸಲ ಆದರೆ ಸರಿ, ಎರಡನೇ ಸಲಕ್ಕೆ ಇದು ಮತ್ತಾಯನ ಅಭ್ಯಾಸ ಅಂತ ನನಗೆ ಅನ್ನಿಸುತ್ತದೆ. ಲೂಕನಲ್ಲಿ ಯೇಸು ಯೆರಿಕೋಗೆ ಬರುವಾಗ, ಉಳಿದಿಬ್ಬರಲ್ಲಿ ಅಲ್ಲಿಂದ ಹೊರಡುವಾಗ ಕುರುಡನ ಕತೆ ನಡೆಯುತ್ತದೆ. ಅದಕ್ಕೆ ಹಳೇ ಯೆರಿಕೋ, ಹೊಸ ಯೆರಿಕೋ ಅಂತ ಎರಡು ಊರು ತೋರಿಸಿ ಸಮಾಧಾನ ಹೇಳುವವರಿದ್ದಾರೆ. ಬುದ್ಧಿವಂತಿಕೆ ಸ್ವಲ್ಪ ಜಾಸ್ತಿಯಾಯಿತು.

ನನಗೆ ತುಂಬಾ ಇಷ್ಟವಾದದ್ದು ಡಾಕ್ಟರುಗಳ ಮಾತು. ಆ ಹೆಂಗಸು ತುಂಬಾ ವೈದ್ಯರ ಕೈಯಲ್ಲಿ ಕಷ್ಟಪಟ್ಟು, ಇದ್ದದ್ದೆಲ್ಲ ಖರ್ಚು ಮಾಡಿ, ಕಾಯಿಲೆ ಮಾತ್ರ ಇನ್ನೂ ಹೆಚ್ಚಾಯಿತು ಎನ್ನುತ್ತಾನೆ ಮಾರ್ಕ. ಲೂಕ? ಯಾರಿಂದಲೂ ವಾಸಿಯಾಗಲಿಲ್ಲ, ಅಷ್ಟೇ. ಹಣ ಖರ್ಚಾದ ಮಾತು ಅವನ ಕೆಲವು ಹಳೆಯ ಹಸ್ತಪ್ರತಿಗಳಲ್ಲಿದೆ, ಕೆಲವದರಲ್ಲಿಲ್ಲ. ಆದರೆ ಹೆಚ್ಚಾಯಿತು ಎಂಬ ಕುಟುಕು ಇಲ್ಲ. ಲೂಕ ವೈದ್ಯ ಅನ್ನುವುದು ಸಂಪ್ರದಾಯ. ಕಸುಬಿನವರನ್ನು ಬಿಟ್ಟುಕೊಡಲಿಲ್ಲ ಅಂತ ನಗಬಹುದು.

ಇನ್ನು ಯೋಹಾನ. ಅವನ ದಾರಿಯೇ ಬೇರೆ. 5 ರೊಟ್ಟಿ, 2 ಮೀನಲ್ಲಿ 5000 ಜನ ಉಂಡ ಕತೆ ನಾಲ್ವರಲ್ಲೂ ಇದೆ. ರೊಟ್ಟಿ ಜವೆಗೋಧಿಯದು, ತಂದವನು ಒಬ್ಬ ಹುಡುಗ ಎಂಬುದು ಯೋಹಾನನಲ್ಲಿ ಮಾತ್ರ. ಸುಮ್ನೆ ಬಂದ ವಿವರ ಅನ್ನಿಸಬಹುದು. ಆದರೆ ಬೈಬಲಿನ ಮೊದಲ ಭಾಗವಾದ ಹಳೆಯ ಒಡಂಬಡಿಕೆಯಲ್ಲಿ ಎಲೀಷ ಪ್ರವಾದಿ 100 ಜನಕ್ಕೆ ಬಡಿಸಿದ್ದೂ ಜವೆಗೋಧಿಯ 20 ರೊಟ್ಟಿಯನ್ನೇ. ಆ ಕತೆ ಬಲ್ಲವರಿಗೆ ಜವೆಗೋಧಿ ಎಂದ ಕೂಡಲೇ ಎಲೀಷ ನೆನಪಾಗಬೇಕು. ಯೋಹಾನ ಅದನ್ನು ನೋಡಿದವರಿಂದ ಕೇಳಿದನೋ, ಎಲೀಷನ ನೆನಪಿಗೆಂದೇ ಇಟ್ಟನೋ, ಹೋಲಿಸಿ ನೋಡಿದರೆ ಗೊತ್ತಾಗುವ ಸಂಗತಿ ಅಲ್ಲ. ಪವಾಡ ನಡೆಯಿತೋ ಇಲ್ಲವೋ ಎಂಬುದೂ ಅಷ್ಟೇ. ಬರೆದವನ ಕೈ ಎಲ್ಲೆಲ್ಲಿ ಆಡಿದೆ ಅನ್ನುವುದು ಮಾತ್ರ ಕಾಣುತ್ತದೆ.

"ಎಲ್ಲ ಸೇರಿಸಿ ಒಂದು ಮಾಡಬಹುದಿತ್ತಲ್ಲ" ಎಂದೂ ಬರೆದಿದ್ದೀರಿ. ಮಾಡಿದ್ದರು! ಕ್ರಿ.ಶ. 170ರ ಸುಮಾರಿಗೆ ತಾತಿಯಾನ್ ಎಂಬ ಸಿರಿಯಾದವನು ನಾಲ್ಕನ್ನೂ ಹೆಣೆದು ಒಂದೇ ಕತೆ ಮಾಡಿದ. ಸಿರಿಯಾದ ಚರ್ಚುಗಳಲ್ಲಿ ತಲೆಮಾರುಗಟ್ಟಲೆ ಅದನ್ನೇ ಓದಿದರು. ಐದನೇ ಶತಮಾನದಲ್ಲಿ ಥಿಯೊಡೊರೆಟ್ ಎಂಬ ಬಿಷಪ್ ಅದರ 200ಕ್ಕೂ ಹೆಚ್ಚು ಪ್ರತಿ ಒಟ್ಟುಮಾಡಿ ತೆಗೆದಿಟ್ಟು, ಆ ಜಾಗಕ್ಕೆ ನಾಲ್ಕು ಸುವಾರ್ತೆಗಳನ್ನು ಕೊಟ್ಟರು. ನಮ್ಮ ಲೇಖನವೂ ಒಂದು ಚಿಕ್ಕ ತಾತಿಯಾನ್ ಕೆಲಸವೇ, ನೀವು ಥಿಯೊಡೊರೆಟ್.

ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಬರುತ್ತದೆ. ಜೊತೆಗೆ ನಾವು ಬಿಟ್ಟಿದ್ದ ಒಂದು ಸಾಲನ್ನೂ ಸೇರಿಸುತ್ತಿದ್ದೇನೆ. ಯೇಸು ಬದುಕಿಸಿದ ಹುಡುಗಿ ಎದ್ದು ಓಡಾಡಿದ ಮೇಲೆ, ಎಲ್ಲರೂ ಬೆರಗಾಗಿ ನಿಂತಿರುವಾಗ, ಅವಳಿಗೆ ತಿನ್ನಲು ಏನಾದರೂ ಕೊಡಿ ಅನ್ನುತ್ತಾನೆ ಯೇಸು. ಮಾರ್ಕನಲ್ಲಿ ಇದೆ, ಲೂಕನೂ ಉಳಿಸಿಕೊಂಡಿದ್ದಾನೆ. ಮತ್ತಾಯ ಕತ್ತರಿಸಿದ. ಅದೊಂದನ್ನು ನಾನಾಗಿದ್ದರೆ ಬಿಡುತ್ತಿರಲಿಲ್ಲ.

ಇಂತಿ,
ಸಂಪಾದಕ