ರಿಪೋರ್ಟ್ ಮೊದಲು ನಾನೇ ನೋಡಲಾ?

ಪ್ರಶ್ನೆ: ನನ್ನ ಮಗನಿಗೆ 23 ವರ್ಷ. ಕುತ್ತಿಗೆಯಲ್ಲಿ ಗಂಟು ಬಂದಿದೆ ಅಂತ ತೋರಿಸಿದಾಗ ಹಾಜ್ಕಿನ್ ಲಿಂಫೋಮಾ, ಅಂದರೆ ದುಗ್ಧಗ್ರಂಥಿಗಳ ಒಂದು ಬಗೆಯ ಕ್ಯಾನ್ಸರ್ ಅಂತ ಗೊತ್ತಾಯಿತು. ಎರಡು ಸೈಕಲ್ ಕೀಮೋ ಮುಗಿದಿದೆ. ಔಷಧಿ ಕೆಲಸ ಮಾಡುತ್ತಿದೆಯಾ ಅಂತ ನೋಡಲು ಮೊನ್ನೆ ಪೆಟ್ ಸ್ಕ್ಯಾನ್ ಆಯಿತು. ಡಾಕ್ಟರ್ ಸಿಗುವುದು ಸೋಮವಾರ, ಆದರೆ ರಿಪೋರ್ಟ್ ಅದಕ್ಕೂ ಮೊದಲೇ ನನ್ನ ಮೊಬೈಲಿಗೆ ಬರುತ್ತದೆ, ಆಸ್ಪತ್ರೆಯಲ್ಲಿ ಕೊಟ್ಟಿರುವುದು ನನ್ನ ನಂಬರ್. ಅವನು ಇಯರ್‌ಫೋನ್ ಹಾಕಿಕೊಂಡು ರೂಮಿನಲ್ಲೇ ಇರುತ್ತಾನೆ, ಮಾತಿಲ್ಲ. ನನಗೆ ನಿದ್ದೆ ಇಲ್ಲ. ನಾನೇ ಮೊದಲು ಓದಿ, ಕೆಟ್ಟದಿದ್ದರೆ ಸ್ವಲ್ಪ ದಿನ ಮುಚ್ಚಿಡಬಹುದಾ?
– ಹೆಸರು ಬೇಡ, ಒಬ್ಬ ತಾಯಿ

ಉತ್ತರ: ಮುಚ್ಚಿಡಬೇಡಿ. ಏಟು ಮೊದಲು ನನಗೇ ಬೀಳಲಿ ಅಂತ ಹೆತ್ತವರಿಗೆ ಅನ್ನಿಸುವುದು ಸಹಜ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅವನು ನಿಮ್ಮ ಮುಖ ನೋಡಿಯೇ ಅರ್ಧ ತಿಳಿದುಕೊಳ್ಳುತ್ತಾನೆ, ಉಳಿದರ್ಧ ತಾನೇ ಊಹಿಸಿಕೊಳ್ಳುತ್ತಾನೆ, ಆ ಊಹೆ ನಿಜಕ್ಕಿಂತ ಭಯಂಕರವಾಗಿರಬಹುದು. ಅಮ್ಮ ಒಂದು ಸಲ ಮುಚ್ಚಿಟ್ಟಳು ಅಂತ ಗೊತ್ತಾದರೆ, ಮುಂದೆ ನೀವು 'ಎಲ್ಲ ಚೆನ್ನಾಗಿದೆಯಂತೆ ಕಣೋ' ಅಂತ ನಿಜವನ್ನೇ ಹೇಳಿದಾಗಲೂ ಅವನಿಗೆ ಅನುಮಾನ. ಈ ಕಾಯಿಲೆಯಲ್ಲಿ ಒಂದೇ ಸ್ಕ್ಯಾನಿಗೆ ಮುಗಿಯುವುದಿಲ್ಲ, ಆ ನಂಬಿಕೆ ನಿಮ್ಮಿಬ್ಬರಿಗೂ ತುಂಬ ದಿನ ಬೇಕು. ಅವನು ಬೆಳೆದ ಮಗ. ಮೈ ಅವನದು, ರಿಪೋರ್ಟೂ ಅವನದೇ.

ಇನ್ನೊಂದು ಕಾರಣವೂ ಇದೆ. ಪೆಟ್ ರಿಪೋರ್ಟ್ ರಾತ್ರಿ ಒಬ್ಬರೇ ಕೂತು ಓದುವಂಥದ್ದಲ್ಲ. ಸ್ಕ್ಯಾನಿಗೆ ಮೊದಲು ಇಂಜೆಕ್ಷನ್ ಕೊಟ್ಟರಲ್ಲ, ಅದರಲ್ಲಿ ಇರುವುದು ಸ್ವಲ್ಪ ವಿಕಿರಣ ಬೆರೆಸಿದ, ಸಕ್ಕರೆಯ ಜಾತಿಯ ವಸ್ತು. ಮೈಯಲ್ಲಿ ಎಲ್ಲಿ ಸಕ್ಕರೆ ಜಾಸ್ತಿ ಖರ್ಚಾಗುತ್ತದೋ ಅಲ್ಲಿ ಚಿತ್ರ ಹೊಳೆಯುತ್ತದೆ. ಕ್ಯಾನ್ಸರ್ ಜೀವಕೋಶಗಳು ಹೊಳೆಯುತ್ತವೆ, ನಿಜ. ಆದರೆ ಮಿದುಳೂ ಹೊಳೆಯುತ್ತದೆ, ಸೋಂಕು ಇದ್ದ ಜಾಗವೂ ಹೊಳೆಯುತ್ತದೆ, ಬಿಳಿ ರಕ್ತಕಣ ಹೆಚ್ಚಿಸಲು ಇಂಜೆಕ್ಷನ್ ತೆಗೆದುಕೊಂಡಿದ್ದರೆ ಮೂಳೆಯ ಮಜ್ಜೆ ಪೂರ್ತಿ ಹೊಳೆಯಬಹುದು. ಹರೆಯದವರಲ್ಲಿ ಎದೆಮೂಳೆಯ ಹಿಂದಿನ ಥೈಮಸ್ ಗ್ರಂಥಿ ಕೀಮೋ ಆದ ಮೇಲೆ ಮತ್ತೆ ಚುರುಕಾಗಿ ಕಾಣಿಸಿಕೊಳ್ಳುವುದೂ ಉಂಟು. ಇದನ್ನೆಲ್ಲ ಬಿಡಿಸಿ ನೋಡಲು ಅವನ ಹಳೆಯ ಸ್ಕ್ಯಾನ್ ಗೊತ್ತಿರುವ ಡಾಕ್ಟರೇ ಬೇಕು.

ಲಿಂಫೋಮಾ ರಿಪೋರ್ಟಿನಲ್ಲಿ ಸಾಮಾನ್ಯವಾಗಿ ಡೋವಿಲ್ ಸ್ಕೋರ್ ಅಂತ 1ರಿಂದ 5ರೊಳಗಿನ ಒಂದು ಅಂಕೆ ಇರುತ್ತದೆ. 1, 2, 3 ಅಂದರೆ ಹೆಚ್ಚಿನ ಸಲ ಔಷಧಿ ಚೆನ್ನಾಗಿ ಹಿಡಿದಿದೆ ಅಂತ ಅರ್ಥ. ಗಂಟು ಯಕೃತ್ತಿಗಿಂತ ಜಾಸ್ತಿ ಹೊಳೆದರೆ 4 ಅಥವಾ 5, ಆಗ ಡಾಕ್ಟರ್ ಇನ್ನೂ ಬಲವಾದ ಔಷಧಿಯ ಮಾತಾಡಬಹುದು. 4 ಅಂದ ಮಾತ್ರಕ್ಕೆ ಎಲ್ಲ ಮುಗಿಯಿತು ಅಂತಲ್ಲ. ನಡುವೆ ಸ್ಕ್ಯಾನ್ ಮಾಡಿಸುವುದೇ ಅದಕ್ಕೆ, ಔಷಧಿ ಬದಲಿಸಬೇಕಿದ್ದರೆ ತಡವಾಗದಿರಲಿ ಅಂತ. ಗಂಟು ಪೂರ್ತಿ ಕರಗಿಲ್ಲ ಅಂತ ಬರೆದಿದ್ದರೂ ಹೆದರಬೇಡಿ, ಅದು ಹೊಳೆಯುತ್ತಿಲ್ಲ ಅಂದರೆ ಉಳಿದಿರುವುದು ಬರೀ ಗಾಯ ಮಾಗಿದ ಕಲೆಯಂಥದ್ದು ಇರಬಹುದು. ಹಾಜ್ಕಿನ್ ಲಿಂಫೋಮಾ, ಅದರಲ್ಲೂ ಈ ವಯಸ್ಸಿನವರಲ್ಲಿ, ಚಿಕಿತ್ಸೆಯಿಂದ ತುಂಬ ಚೆನ್ನಾಗಿ ವಾಸಿಯಾಗುವ ಕ್ಯಾನ್ಸರ್‌ಗಳಲ್ಲಿ ಒಂದು. ಇದು ಸುಮ್ನೆ ಸಮಾಧಾನಕ್ಕೆ ಹೇಳುವ ಮಾತಲ್ಲ.

ಈಗ ಮಾಡಬೇಕಾದ್ದು ಅವನನ್ನೇ ಕೇಳುವುದು, ಅದೂ ರಿಪೋರ್ಟ್ ಬರುವ ಮೊದಲು. ಎದುರು ಕೂರಿಸಿಕೊಂಡು ಬೇಡ. ಅವನು ಮಾತು ಬೇಡ ಅಂತಿದ್ದಾನೆ, ಅಲ್ವಾ, ಹಾಗಾಗಿ ಒಂದು ಮೆಸೇಜ್ ಹಾಕಿ. 'ರಿಪೋರ್ಟ್ ನನ್ನ ಮೊಬೈಲಿಗೆ ಬರುತ್ತೆ. ನಾನು ತೆರೆಯಲ್ಲ. ನೀನೇ ನೋಡ್ತೀಯಾ, ಇಬ್ಬರೂ ಸೇರಿ ನೋಡೋಣವಾ, ಇಲ್ಲಾ ಸೋಮವಾರ ಡಾಕ್ಟರ್ ಹತ್ತಿರವೇ ಕೇಳೋಣವಾ? ಒಳಗೆ ನಾನೂ ಬರಬೇಕಾ?' ಇಷ್ಟು ಸಾಕು. ಉತ್ತರ ಬರುವವರೆಗೂ ತೆರೆಯಬೇಡಿ, ತಡೆಯಲು ಆಗದಿದ್ದರೆ ನಂಬಿಕೆಯವರ ಕೈಗೆ ಫೋನ್ ಕೊಟ್ಟುಬಿಡಿ. 'ನೀನೇ ನೋಡಿ ಹೇಳಮ್ಮ' ಅಂತ ಅವನೇ ಹೇಳಿದರೆ ನೋಡಿ, ಆಗ ಅದು ಕದ್ದು ನೋಡಿದ ಹಾಗಲ್ಲ. ನನ್ನ ಕೇಳಿದರೆ ಸೋಮವಾರದವರೆಗೆ ಕಾಯುವುದೇ ಒಳ್ಳೆಯದು, ಆದರೆ ಅದನ್ನು ತೀರ್ಮಾನಿಸಬೇಕಾದವನು ಅವನು.

ಅವನ ಮೌನ ನೋಡಿ ಇವನಿಗೆ ಚಿಂತೆಯೇ ಇಲ್ಲ ಅಂದುಕೊಳ್ಳಬೇಡಿ. ಅಮ್ಮನ ಭಯವನ್ನೂ ತಾನೇ ಹೊರಬೇಕಾಗುತ್ತದೆ ಅಂತ ಬಾಗಿಲು ಹಾಕಿಕೊಳ್ಳುವ ಮಕ್ಕಳಿದ್ದಾರೆ. 'ಏನೂ ಆಗಲ್ಲ' ಅನ್ನಬೇಡಿ. 'ನನಗೂ ಭಯ ಆಗ್ತಿದೆ' ಅಂತ ಒಂದೇ ಸಲ ಹೇಳಿ, ಆಮೇಲೆ ಬೇರೆ ಮಾತಿಗೆ ಹೋಗಿ. ನಿಮ್ಮ ಅಳುವಿಗೆ ಬೇರೆ ಒಬ್ಬರು ಬೇಕು, ಅಕ್ಕನೋ ಗೆಳತಿಯೋ, ಮಗ ಅಲ್ಲ. ನಿದ್ದೆ ಇಲ್ಲದ ರಾತ್ರಿಗಳು ಹೀಗೇ ಮುಂದುವರಿದರೆ ನಿಮಗಾಗಿ ಡಾಕ್ಟರ್ ಹತ್ತಿರ ಹೋಗಿ, ಕ್ಯಾನ್ಸರ್ ವಿಭಾಗದಲ್ಲಿ ಕೌನ್ಸೆಲರ್ ಇದ್ದಾರಾ ಅಂತಲೂ ವಿಚಾರಿಸಿ.

ಸೋಮವಾರಕ್ಕೆ ಪ್ರಶ್ನೆಗಳನ್ನು ಈಗಲೇ ಬರೆದಿಟ್ಟುಕೊಳ್ಳಿ, ಅಲ್ಲಿ ಕೂತಾಗ ಮರೆತುಹೋಗುತ್ತವೆ. ಸ್ಕೋರ್ ಎಷ್ಟು, ಮುಂದಿನ ಸೈಕಲ್‌ನಲ್ಲಿ ಏನಾದರೂ ಬದಲಾಗುತ್ತದಾ, ಬ್ಲಿಯೋಮೈಸಿನ್ ಅನ್ನುವ ಕೀಮೋ ಔಷಧಿ ಕೊಡುತ್ತಿದ್ದರೆ ಅದನ್ನು ಬಿಡಬಹುದಾ (ಅದು ಶ್ವಾಸಕೋಶಕ್ಕೆ ತೊಂದರೆ ಮಾಡಬಹುದು, ಸ್ಕ್ಯಾನ್ ಚೆನ್ನಾಗಿ ಬಂದರೆ ಕೆಲವರಿಗೆ ನಿಲ್ಲಿಸುತ್ತಾರೆ), ಮುಂದಿನ ಸ್ಕ್ಯಾನ್ ಯಾವಾಗ. ಸೋಮವಾರದವರೆಗೆ ಕಾಯಬಾರದ ವಿಷಯವೂ ಒಂದಿದೆ. ಕೀಮೋ ನಡೆಯುತ್ತಿರುವಾಗ ಜ್ವರ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ, ಅದು ನಡುರಾತ್ರಿಯೇ ಆಗಿರಲಿ, ಮಾತ್ರೆ ಕೊಟ್ಟು ನೋಡೋಣ ಅನ್ನದೆ ತಕ್ಷಣ ಆಸ್ಪತ್ರೆಗೆ ಫೋನ್ ಮಾಡಿ.