ಓಪನ್ ಸೋರ್ಸ್ ವಾಲಂಟಿಯರ್‌ಗಳು ಅರ್ಧಕ್ಕೆ ಬಿಟ್ಟು ಹೋಗ್ತಾರೆ, ಡೆಡ್‌ಲೈನ್ ಹಾಕಿದ್ರೆ ಸರಿಹೋಗತ್ತಾ?

ಹಾಕ್ಬೇಡಿ. ಒಂದ್ಸಲ ಪ್ಯಾಚ್ (ಕೋಡ್‌ಗೆ ಮಾಡಿದ ತಿದ್ದುಪಡಿ) ಕಳಿಸಿ ಮತ್ತೆ ತಲೆ ಹಾಕಲ್ಲ ಅಂತ ಬರ್ದಿದೀರಲ್ಲ, ಕೆಲವು ವರ್ಷದ ಹಿಂದೆ ನಾನೂ ಇದನ್ನೇ ಹೇಳ್ಕೊಂಡು ಓಡಾಡ್ತಿದ್ದೆ.

ನುಡಿ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟಲ್ಲಿ ಟೈಪ್ ಮಾಡಿದ್ದನ್ನ ಯೂನಿಕೋಡ್‌ಗೆ ಬದಲಾಯಿಸೋ ಸಣ್ಣ ಪೈಥಾನ್ ಟೂಲ್ ನಂದು. ಅದ್ರಲ್ಲಿ ಅರ್ಕಾವತ್ತೇ ದೊಡ್ಡ ತಲೆನೋವು. ‘ಧರ್ಮ’ ಅಂದ್ರೆ ಆ ಫಾಂಟಲ್ಲಿ ಕಣ್ಣಿಗೆ ಕಾಣೋ ಕ್ರಮ, ಧ, ಮ, ಆಮೇಲೆ ಅರ್ಕಾವತ್ತು. ಯೂನಿಕೋಡಲ್ಲಿ ಬಾಯಲ್ಲಿ ಹೇಳೋ ಕ್ರಮ, ರ್ ಮೊದಲು, ಮ ಆಮೇಲೆ. ಸಾಮರ್ಥ್ಯ, ಆರ್ದ್ರ ಥರ ಒತ್ತೂ ಸೇರ್ಕೊಂಡ್ರೆ ರ್ ಎಲ್ಲಿಗೆ ಹೋಗ್ಬೇಕು ಅಂತ ನನ್ನ ಕೋಡ್‌ಗೆ ಗೊತ್ತಾಗ್ತಿರ್ಲಿಲ್ಲ. ಸರಿ ಮಾಡಿದ್ದು ಒಬ್ರು ಹೈಸ್ಕೂಲ್ ಕನ್ನಡ ಮೇಷ್ಟ್ರು. ಹಳೇ ಪ್ರಶ್ನೆಪತ್ರಿಕೆಗಳನ್ನ ಬದಲಾಯಿಸ್ತಾ ತಪ್ಪು ಕಂಡು, ಕೋಡ್‌ನ ಬದಲಾವಣೆಗಳ ದಾಖಲೆ ಇಡೋ ಗಿಟ್ ಅಂದ್ರೇನು ಅಂತ ಎರಡು ವಾರ ಕೂತು ಕಲ್ತು, ಪುಲ್ ರಿಕ್ವೆಸ್ಟ್ (‘ನನ್ನ ತಿದ್ದುಪಡಿ ಸೇರಿಸ್ಕೊಳ್ಳಿ’ ಅನ್ನೋ ಕೋರಿಕೆ) ಕಳಿಸಿದ್ರು, ಜೊತೆಗೆ ಕೆಡ್ತಿದ್ದ ನೂರಾರು ಪದಗಳ ಪಟ್ಟಿ.

ಅವರ ಕೋಡ್‌ನಲ್ಲಿ ಟ್ಯಾಬೂ ಸ್ಪೇಸೂ ಬೆರೆತಿತ್ತು. ವಿವರಿಸೋದಕ್ಕಿಂತ ನಾನೇ ಬರ್ದ್ರೆ ಬೇಗ ಅಂತ ಅವರ ಲಾಜಿಕ್ಕನ್ನ ನನ್ನ ಥರ ಬರ್ದು, ಪಟ್ಟಿಯನ್ನ ಟೆಸ್ಟ್‌ಗೆ ಹಾಕ್ಕೊಂಡು, ನನ್ನ ಹೆಸರಲ್ಲಿ ಕಮಿಟ್ ಮಾಡಿ (ಅಂದ್ರೆ ಗಿಟ್‌ನಲ್ಲಿ ದಾಖಲಿಸಿ), ‘ಮೇನ್‌ನಲ್ಲಿ ಸರಿಯಾಗಿದೆ’ (ಮುಖ್ಯ ಕೋಡ್‌ನಲ್ಲಿ ಅಂತ ಅರ್ಥ) ಅಂತ ಒಂದು ಸಾಲು ಹಾಕಿ ಅವರ ರಿಕ್ವೆಸ್ಟನ್ನ ಕ್ಲೋಸ್ ಮಾಡಿದೆ.

ಇಲ್ಲೇ ನಾನು ಹಾಳು ಮಾಡಿದ್ದು, ಸ್ವಲ್ಪ ಬಿಡಿಸಿ ಹೇಳ್ತೀನಿ. ಗಿಟ್‌ನ ಪ್ರತಿ ಕಮಿಟ್‌ನಲ್ಲೂ ಬರೆದವರು ಬೇರೆ, ಸೇರಿಸಿದವರು ಬೇರೆ, ಎರಡು ಹೆಸರಿಗೆ ಜಾಗ ಇದೆ. ಗಿಟ್ ಹುಟ್ಟಿದ್ದೇ ಲಿನಕ್ಸ್ ಕರ್ನಲ್‌ಗೋಸ್ಕರ, ಅಂದ್ರೆ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಿಗೆ. ಅದಕ್ಕೆ ಪ್ಯಾಚ್‌ಗಳು ಮೇಲ್‌ನಲ್ಲಿ ಬರ್ತಿದ್ವು, ಬೇರೆಯವರು ಸೇರಿಸ್ತಿದ್ರು, ಬರೆದವರ ಹೆಸರು ಉಳೀಬೇಕಿತ್ತು. ಚೆರ್ರಿ-ಪಿಕ್ ಮಾಡಿದ್ರೂ (ಒಂದು ಕಮಿಟ್ ಮಾತ್ರ ಎತ್ಕೊಂಡು ಬೇರೆ ಕಡೆ ಸೇರಿಸಿದ್ರೂ) ಆ ಹೆಸರು ಹೋಗಲ್ಲ. ನಾನು ಕಾಪಿ ಪೇಸ್ಟ್ ಮಾಡಿದ್ದಕ್ಕೆ ಹೋಯ್ತು. ಅವರ ಬ್ರಾಂಚ್ (ಅವರು ಬದಲಾವಣೆ ಮಾಡಿದ್ದ ಕವಲು) ತಗೊಂಡು ಅದರ ಮೇಲೆ ನನ್ನದೊಂದು ಕಮಿಟ್ ಹಾಕಿದ್ರೆ ಹತ್ತು ನಿಮಿಷದ ಕೆಲಸ. ಅದೂ ಬೇಡ, ಕಮಿಟ್ ಮೆಸೇಜ್ ಕೊನೇಲಿ ‘ಕೋ-ಆಥರ್ಡ್-ಬೈ’ (ಜೊತೆಗೆ ಬರೆದವರು) ಅಂತ ಅವರ ಹೆಸರಿನ ಒಂದು ಸಾಲು ಸಾಕಿತ್ತು, 2018ರಿಂದ ಗಿಟ್ ಪ್ರಾಜೆಕ್ಟ್‌ಗಳನ್ನ ಇಡೋ ಸೈಟ್ ಗಿಟ್‌ಹಬ್ ಅದನ್ನ ತೋರಿಸ್ತಾನೂ ಇದೆ.

‘ಸರಿ ಸರ್, ಧನ್ಯವಾದ’ ಅಂತ ಮೇಷ್ಟ್ರು ಬರೆದ್ರು, ಮತ್ತೆ ಬರ್ಲಿಲ್ಲ. ಮುಂದೆ ಬರಹ ಅನ್ನೋ ಇನ್ನೊಂದು ಕನ್ನಡ ತಂತ್ರಾಂಶದ ಫೈಲ್‌ಗಳ ವಿಷಯಕ್ಕೆ ಅವರೇ ಬೇಕಾಗಿ ಮೇಲ್ ಹಾಕಿದೆ, ಶಾಲೆ ಕೆಲಸ ಜಾಸ್ತಿ ಅಂದ್ರು. ಟೂಲ್‌ನ ಪರಿಚಯ ಬರೆಯೋ ರೀಡ್‌ಮಿ ಫೈಲಲ್ಲಿ ಅವರ ಹೆಸರು ಹಾಕಿದೀನಿ, ಆದ್ರೆ ಎಲ್ರೂ ಕ್ಲೋನ್ ಮಾಡ್ಕೊಂಡಿರೋ (ಪ್ರತಿ ಇಟ್ಕೊಂಡಿರೋ) ಕಮಿಟ್ ಹಿಸ್ಟರಿಯನ್ನ ಈಗ ತಿದ್ದೋಕೆ ಹೋದ್ರೆ ಅವರೆಲ್ಲರ ಕೆಲಸ ಕೆಡುತ್ತೆ. ಲಾಗ್‌ನಲ್ಲಿ ಇವತ್ತಿಗೂ ನನ್ನ ಹೆಸರೇ.

ಅದಕ್ಕೇ ಹೇಳ್ತಿರೋದು, ಅವರು ಬಿಟ್ಟು ಹೋಗ್ತಾರೆ ಅನ್ನೋ ನಿಮ್ಮ ಲೆಕ್ಕವೇ ನಂಗೆ ಒಪ್ಪಿಗೆ ಇಲ್ಲ. ಸಂಬಳ ಕೊಡದೇ ಡೆಡ್‌ಲೈನ್ ಹಾಕೋ ಹಕ್ಕು ನಮಗೆಲ್ಲಿದೆ? ಮೊದಲ ಪುಲ್ ರಿಕ್ವೆಸ್ಟ್‌ಗೆ ಎರಡು ದಿನದೊಳಗೆ ‘ನೋಡಿದೆ, ಭಾನುವಾರ ಓದ್ತೀನಿ’ ಅಂತಾದ್ರೂ ಬರೀರಿ. ಟ್ಯಾಬ್ ಸ್ಪೇಸ್ ಜಗಳ ಕೋಡನ್ನ ತಾನಾಗೇ ಒಪ್ಪ ಮಾಡೋ ಫಾರ್ಮ್ಯಾಟರ್‌ಗೆ ಬಿಡಿ. ಅರ್ಧ ಆಗಿರೋದನ್ನ ‘ನೀವೇ ಮುಂದುವರಿಸ್ತೀರಾ, ನಾನು ಮುಗಿಸ್ಲಾ’ ಅಂತ ಕೇಳಿ ಅವರ ಬ್ರಾಂಚಲ್ಲೇ ಮುಗಿಸಿ. ಕೋಡ್ ಬರೀದೆ ಬಗ್ ಹೇಳಿದೋರು, ಟೆಸ್ಟ್ ಮಾಡಿದೋರ ಹೆಸರನ್ನೂ ಕರ್ನಲ್‌ನವರು ಕಮಿಟ್‌ನಲ್ಲಿ ಬರೀತಾರೆ, ನೀವೂ ಬರೀರಿ.

ಅದಕ್ಕೂ ಮೊದಲು ನಿಮ್ಮ ರೆಪೋದಲ್ಲಿ (ಕೋಡ್ ಇಟ್ಟಿರೋ ಜಾಗದಲ್ಲಿ) ಮರ್ಜ್ ಆಗದೆ, ಅಂದ್ರೆ ಕೋಡ್‌ಗೆ ಸೇರದೆ, ಕ್ಲೋಸ್ ಆಗಿರೋ ಪುಲ್ ರಿಕ್ವೆಸ್ಟ್‌ಗಳನ್ನ ತೆಗೆದು ನೋಡಿ, ಕೊನೇ ಕಾಮೆಂಟ್ ಯಾರದು ಅಂತ.